ಮುಚ್ಚಳದ ಬೆವರು

ಎಚಿಗೊ, ಕಾಮಿದಾನಿ ಹಳ್ಳಿ
೧೮ ನವೆಂಬರ್ ೧೯೪೬

ಸೇಗೊ,

ನಿನ್ನ ಕಾಗದ ಬಂತು. ಅದನ್ನು ಕಾಗದ ಅಂತ ನೀನು ಕರೆಯಬೇಕು, ನಾನು ಕರೆಯುವುದಿಲ್ಲ. ಒಂದು ಕಡೆ ಸೈನ್ಯದವರ ಹಳೇ ನಮೂನೆ, ಇನ್ನೊಂದು ಕಡೆ ನಿನ್ನ ಅಕ್ಷರ. ಮಡಿಕೆ ಬಿಚ್ಚುವಷ್ಟರಲ್ಲಿ ಒಣ ಎಲೆಯ ಹಾಗೆ ಮುರಿಯಿತು. ನಲವತ್ತೆಂಟು ವರ್ಷದಿಂದ ತೊಟ್ಟಿಯ ತಣ್ಣೀರಿಗೆ ಕೈ ಹಾಕಿ ನಾರಿನಿಂದ ಕಾಗದ ಎತ್ತಿದವಳ ಮೊಮ್ಮಗ ಇಂಥದ್ದರ ಮೇಲೆ ಬರೆಯುತ್ತಾನೆ ಎಂದರೆ ನನ್ನ ಮುಖಕ್ಕೆ ಮಸಿ ಬಳಿದ ಹಾಗೆ. ಇದರ ಜೊತೆ ಇನ್ನೂರು ಹಾಳೆ ಕಳಿಸಿದ್ದೇನೆ. ನಡುವೆ ಅಕ್ಕಿ ಕುಟ್ಟಿ ಮಾಡಿದ ಮೋಚಿ ಉಂಡೆ ಇದೆ. ದಾರಿಯಲ್ಲಿ ಯಾರಾದರೂ ಕಟ್ಟು ಬಿಚ್ಚಿದರೆ ಮೋಚಿ ತಿನ್ನಲಿ, ಹಾಳೆ ಮುಟ್ಟದಿರಲಿ.

ನೀನು ತೋಕ್ಯೋದಲ್ಲಿ ವಿದ್ಯುತ್ತಿನ ಲೆಕ್ಕ ಮಾಡುತ್ತೀಯ ಎಂದು ಪಕ್ಕದ ಮನೆಯ ಓಶಿಗೆಗೆ ಹೇಳಿದೆ. ಅವಳು ನಕ್ಕು, "ಹಂಗಾದ್ರೆ ನಮ್ಮೂರಿನ ದೀಪ ದಿನಾ ಸಂಜೆ ಯಾಕೆ ಸಾಯುತ್ತೆ ಅಂತ ಕೇಳ್ರೀ ತೊಮೆ. ಮೊದ್ಲು ಅದನ್ನ ಸರಿಮಾಡ್ಲಿ, ಆಮೇಲೆ ಲೆಕ್ಕ ಮಾಡ್ಲಿ" ಅಂದಳು. ಅವಳ ಬಾಯಿ ನನಗಿಂತ ಕೆಟ್ಟದ್ದು. ಆದರೂ ಕೇಳುತ್ತಿದ್ದೇನೆ. ಯಾಕೋ?

ನಿನ್ನ ಅಣ್ಣನ ತಟ್ಟೆ ತಪ್ಪಿಲ್ಲ. ತಮೊತ್ಸು ಯುದ್ಧಕ್ಕೆ ಹೊರಟ ಬೆಳಿಗ್ಗೆ ಶುರು ಮಾಡಿದ್ದು ಇವತ್ತಿನವರೆಗೂ ನಡೆದಿದೆ. ಅವನ ಬಟ್ಟಲಿಗೆ ಬಿಸಿ ಅನ್ನ, ಮಿಸೊ ಸಾರು, ಉಪ್ಪಿನ ಮೂಲಂಗಿ. ಅನ್ನದ ಮೇಲೆ ಮುಚ್ಚಳ. ನನ್ನ ಊಟವಾದ ಮೇಲೆ ಎತ್ತಿ ನೋಡುತ್ತೇನೆ. ಒಳಗೆ ಹನಿ ಕಟ್ಟಿದ್ದರೆ ಹುಡುಗ ಎಲ್ಲೋ ಬದುಕಿದ್ದಾನೆ. ನನ್ನ ಅತ್ತೆ ಹಾಗೆ ನೋಡುತ್ತಿದ್ದಳು, ಅವಳ ಅತ್ತೆಯೂ ಹಾಗೇ. ಇವತ್ತು ಹನಿ ಕಟ್ಟಿತ್ತು.

ಮೂರು ವರ್ಷ ಶಾಲೆಗೆ ಹೋದವಳ ಅಕ್ಷರಕ್ಕೆ ನಗಬೇಡ. 

ಅಜ್ಜಿ ತೊಮೆ


ತೋಕ್ಯೋ
೮ ಡಿಸೆಂಬರ್ ೧೯೪೬

ಪ್ರೀತಿಯ ಅಜ್ಜಿ,

ಮೋಚಿ ತಲುಪಿತು. ಹಾಳೆಗಳೂ ತಲುಪಿದವು. ಇಲ್ಲಿ ನಾವು ಆರು ಜನ ಹಳೇ ಬ್ಯಾರಕ್ಕಿನ ಒಂದು ಕೋಣೆಯಲ್ಲಿ ಇದ್ದೇವೆ. ಕಿಟಕಿಗೆ ಗಾಜಿಲ್ಲ. ಜೊತೆಯ ಓಕಾಬೆ ನಿನ್ನ ಹಾಳೆಯನ್ನು ಬೆಳಕಿಗೆ ಹಿಡಿದು, "ಇದರ ಮೇಲೆ ತಪ್ಪು ಲೆಕ್ಕ ಬರೆಯೋಕೆ ಮನಸ್ಸು ಬರಲ್ಲ ಕಣೋ" ಎಂದ. ಮೋಚಿಯನ್ನು ಮಾತ್ರ ಅವನು ಒಂದೇ ಮನಸ್ಸಿನಿಂದ ತಿಂದ.

ದೀಪ ಹೋಗುವುದು ಕಲ್ಲಿದ್ದಲು ಇಲ್ಲದ್ದಕ್ಕೆ. ನಮ್ಮ ಲೆಕ್ಕ ದೀಪದ್ದಲ್ಲ. ವಿದ್ಯುತ್ತಿನ ಅತಿ ಸಣ್ಣ ಕಾಳಿಗೆ ಎಲೆಕ್ಟ್ರಾನ್ ಎನ್ನುತ್ತಾರೆ. ಅದರಲ್ಲಿ ಇಂತಿಷ್ಟು ಎಂದು ಚಾರ್ಜು ಇರುತ್ತದೆ. ಆ ಚಾರ್ಜು ತನ್ನ ಸುತ್ತಲಿನ ಜಾಗವನ್ನೆಲ್ಲ ಕಲಕುತ್ತದೆ, ಆ ಕಲಕು ತಿರುಗಿ ಬಂದು ಅದನ್ನೇ ಮುಟ್ಟುತ್ತದೆ. ತಾನೇ ಎಬ್ಬಿಸಿದ್ದು ತನಗೆ ಎಷ್ಟು ಭಾರ ಎಂದು ಲೆಕ್ಕ ಹಾಕಿದರೆ ಉತ್ತರ ಅನಂತ ಬರುತ್ತದೆ. ಕೈಗೆ ಸಿಗುವ ಎಲೆಕ್ಟ್ರಾನ್ ತೀರ ಹಗುರ, ಲೆಕ್ಕದ ಎಲೆಕ್ಟ್ರಾನ್ ಹೊರಲಾರದಷ್ಟು ಭಾರ. ಎಲ್ಲಿ ತಪ್ಪಿದ್ದೇವೆ ಎಂದು ಹುಡುಕುತ್ತಿದ್ದೇವೆ. ಇನ್ನೂ ಒಂದು ಮಾತು: ಏನೂ ಇಲ್ಲದ ಜಾಗ ಎಂದು ನಾವು ಅಂದುಕೊಳ್ಳುವಲ್ಲೂ ಏನೋ ಇದ್ದೇ ಇರುತ್ತದೆ.

ಪ್ರತಿ ಕಾಗದದಲ್ಲೂ ಅಣ್ಣನ ಮುಚ್ಚಳದ ವಿಷಯ ಬರಿ. ವಿಜ್ಞಾನ ಓದುವವನು ಎಂದು ನನ್ನನ್ನು ಸೈನ್ಯಕ್ಕೆ ಕರೆಯಲಿಲ್ಲ. ಅವನು ನನ್ನ ಪಾಲನ್ನೂ ಸೇರಿಸಿ ಹೋದ. ಅವನು ಬರುತ್ತಾನೆ ಎಂದು ಗೊತ್ತಿದ್ದರೆ ಪೆನ್ಸಿಲ್ ಹಿಡಿಯಲು ನನಗೆ ನಾಚಿಕೆಯಾಗುವುದಿಲ್ಲ.

ಸೇಗೊ


ಕಾಮಿದಾನಿ
೨ ಮಾರ್ಚ್ ೧೯೪೭

ಸೇಗೊ,

ತಡವಾಯಿತು. ಫೆಬ್ರವರಿಯಲ್ಲಿ ಪಟ್ಟಣದ ಕಚೇರಿಗೆ ಹೋಗಿ ಬರಬೇಕಾಯಿತು. ಸೊಂಟದುದ್ದ ಹಿಮ. ಮೊಣಕಾಲು ಊದಿಕೊಂಡಿದೆ. ಯಾಕೆ ಹೋಗಿದ್ದೆ ಎಂದು ಕೇಳಬೇಡ, ಮುದುಕಿಯರಿಗೆ ನೂರು ಕೆಲಸ ಇರುತ್ತವೆ.

ನಾನೂರು ಹಾಳೆ ಕಳಿಸಿದ್ದೇನೆ. ಬರೆದು ಮುಗಿಸು. ಕೆಲಸ ಬಿಡಬೇಡ.

ಏನೂ ಇಲ್ಲದಲ್ಲೂ ಏನೋ ಇರುತ್ತದೆ ಎಂದು ಬರೆದಿದ್ದೆಯಲ್ಲ. ಅದು ಮುಚ್ಚಿದ ಪೆಟ್ಟಿಗೆಗೂ ಸಲ್ಲುತ್ತದಾ? ಪೆಟ್ಟಿಗೆಯೊಳಗೆ ಏನೂ ಇಲ್ಲ ಎಂದು ಗೊತ್ತಿದ್ದರೂ?

ಮುಚ್ಚಳ ಬೆವರುತ್ತಿದೆ.

ಅಜ್ಜಿ


ತೋಕ್ಯೋ
೨೦ ಮೇ ೧೯೪೭

ಅಜ್ಜಿ, ನನ್ನ ಜಾಣ ಅಜ್ಜಿ,

ನಿನ್ನ ಪೆಟ್ಟಿಗೆಯ ಪ್ರಶ್ನೆಯನ್ನು ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಓಕಾಬೆ ಕೂತಲ್ಲಿಂದ ಎದ್ದೇಬಿಟ್ಟ. "ನಿಮ್ಮಜ್ಜಿನ ಇಲ್ಲಿ ಕೂರಿಸಿ ನಿನ್ನನ್ನ ತೊಟ್ಟಿ ಹತ್ರ ಕಳ್ಸೋಣ" ಎಂದ. ನಮ್ಮ ಪ್ರೊಫೆಸರರೂ ನಕ್ಕರು. ಅವರು ನಕ್ಕು ತಿಂಗಳಾಗಿತ್ತು.

ಉತ್ತರ ಹೌದು. ಪೆಟ್ಟಿಗೆಯಿಂದ ಗಾಳಿ ತೆಗೆ, ದೂಳು ತೆಗೆ, ಬೆಳಕನ್ನೂ ತೆಗೆ. ಆದರೂ ಅದು ಸುಮ್ಮನಿರುವುದಿಲ್ಲ. ಜಾಗವೇ ನಡುಗುತ್ತಿರುತ್ತದೆ. ಕ್ಷೇತ್ರ ಎಂದು ನಾವು ಕರೆಯುವುದು ಎಲ್ಲ ಕಡೆ ಹರಡಿದೆ, ಅದನ್ನು ಹೊರಗೆ ಹಾಕಲು ಬಾಗಿಲೇ ಇಲ್ಲ. ಅದರ ನಡುಕದಲ್ಲಿ ಜೋಡಿ ಜೋಡಿಯಾಗಿ ಕಣಗಳು ಎದ್ದು, ಯಾರೂ ನೋಡುವ ಮೊದಲೇ ಅಡಗುತ್ತವೆ. ಅಲ್ಲಿ ಒಂದು ಚಾರ್ಜು ಇಟ್ಟರೆ ಆ ಜೋಡಿಗಳು ಅದರ ಕಡೆ ವಾಲಿ ನಿಲ್ಲುತ್ತವೆ, ಅದನ್ನು ಮುಸುಕುತ್ತವೆ. ದೂರದಿಂದ ಅಳೆಯುವ ನಮಗೆ ಸಿಗುವುದು ಮುಸುಕು ಹೊದ್ದ ಚಾರ್ಜು. ಬರಿಯ ಚಾರ್ಜನ್ನು ಇವತ್ತಿನವರೆಗೆ ಯಾರೂ ಕಂಡಿಲ್ಲ. ನಮ್ಮ ಅನಂತವೆಲ್ಲ ಆ ಕಾಣದ್ದನ್ನು ಕಾಣಲು ಹೋದಲ್ಲೇ ಹುಟ್ಟುತ್ತದೆ.

ಮುಚ್ಚಳ ಬೆವರುತ್ತಿದೆ ಎಂದು ಓದಿದ ಸಂತೋಷಕ್ಕೆ ಎರಡು ದಿನ ಹಸಿವಾಗಲಿಲ್ಲ. ದಕ್ಷಿಣದ ದ್ವೀಪಗಳಿಂದ ಹಡಗುಗಳು ಇನ್ನೂ ಬರುತ್ತಿವೆ. ಅಣ್ಣನಿಗೆ ಬೂಟು ಎತ್ತಿಟ್ಟಿದ್ದೇನೆ. ನನ್ನ ಕಾಲಿಗೆ ಸರಿಯಾಗುತ್ತವೆ, ಆದರೂ ಹಾಕಿಕೊಂಡಿಲ್ಲ.

ಸೇಗೊ


ಕಾಮಿದಾನಿ
೨೮ ಜುಲೈ ೧೯೪೭

ಸೇಗೊ,

ಬೂಟು ನೀನೇ ಹಾಕಿಕೋ. ಎತ್ತಿಟ್ಟರೆ ಚರ್ಮಕ್ಕೆ ಬೂಸಲು ಹಿಡಿಯುತ್ತದೆ.

ನಿನ್ನ ಮುಸುಕಿನ ಮಾತು ಓದಿ ನಾನೊಂದು ಹುಚ್ಚು ಕೆಲಸ ಮಾಡಿದೆ. ತೊಟ್ಟಿಗೆ ನಾರು ಹಾಕಿ, ಬೇರಿನ ಲೋಳೆ ಬೆರೆಸಿ, ಚೆನ್ನಾಗಿ ಕಲಕಿ ಬಿಟ್ಟೆ. ಗೊತ್ತಲ್ಲ ನಿನಗೆ, ನಾರು ಕಡಿಮೆ ಇದ್ದಾಗ ಹೊರಗಿನವರು ಬಂದು ನೋಡಿದರೆ ಬರೀ ನೀರು ಅಂತಾರೆ. ಜರಡಿ ಅದ್ದಿ ಅಲುಗಿಸಿ ಎತ್ತಿದರೆ ಮಾತ್ರ ಹಾಳೆ. ಆ ನೀರಿಗೆ ದಾರ ಕಟ್ಟಿ ಒಂದು ಮೊಳೆ ಇಳಿಬಿಟ್ಟೆ. ಎತ್ತಿದಾಗ ಮೊಳೆಗೆ ಬಿಳಿ ಗಡ್ಡ ಬಂದಿತ್ತು. ಬೆರಳಲ್ಲಿ ಒರೆಸಿ ಮತ್ತೆ ಇಳಿಬಿಟ್ಟೆ, ಮತ್ತೆ ಗಡ್ಡ. ನಾಲ್ಕು ಸಲ ಮಾಡಿದೆ. ಬರೀ ಮೊಳೆ ಆ ನೀರಿಂದ ಮೇಲೆ ಬರಲೇ ಇಲ್ಲ.

ಓಶಿಗೆ ಬಾಗಿಲಲ್ಲಿ ನಿಂತು, "ಏನ್ರೀ ಇದು, ಮೊಳೆಗೆ ಸ್ನಾನ ಮಾಡಿಸ್ತಿದ್ದೀರಾ?" ಅಂದಳು. "ಮೊಮ್ಮಗನಿಗೆ ಪಾಠ ಒಪ್ಪಿಸ್ತಿದೀನಿ, ನಿನಗೆ ತಿಳಿಯಲ್ಲ ಹೋಗೇ" ಅಂದೆ. ನಿನ್ನ ಪ್ರೊಫೆಸರರಿಗೆ ಹೇಳು, ನೀವು ಇಷ್ಟು ವರ್ಷ ತಲೆ ಕೆರೆದುಕೊಂಡದ್ದನ್ನು ಕಾಮಿದಾನಿಯ ಮುದುಕಿ ಒಂದು ಮಧ್ಯಾಹ್ನದಲ್ಲಿ ಕಂಡಳು ಎಂದು.

ಮುಂದಿನ ತಿಂಗಳು ಬೊನ್ ಹಬ್ಬ. ಸತ್ತವರು ಮನೆಗೆ ಬರುವ ಮೂರು ದಿನ. ಬದುಕಿರುವವರೂ ಬಂದರೆ ತಪ್ಪೇನಿಲ್ಲ. ಬಾ. ನಿನ್ನ ಕಾಗದಕ್ಕೆ ಕ್ರಿಯೋಸೋಟ್ ಔಷಧದ ವಾಸನೆ ಬರುತ್ತಿದೆ. ಏನು ಕಾಯಿಲೆ?

ಮುಚ್ಚಳ ಬೆವರುತ್ತಿದೆ.

ಅಜ್ಜಿ


ತೋಕ್ಯೋ
೯ ಅಕ್ಟೋಬರ್ ೧೯೪೭

ಪ್ರೀತಿಯ ಅಜ್ಜಿ,

ಬೊನ್ ಹಬ್ಬಕ್ಕೆ ಬರಲಾಗಲಿಲ್ಲ, ಕ್ಷಮಿಸು. ಕ್ರಿಯೋಸೋಟ್ ಗುಳಿಗೆ ಹೊಟ್ಟೆಗೆ. ಇಲ್ಲಿನ ಸಿಹಿಗೆಣಸಿನ ಹಿಟ್ಟು ತಿಂದರೆ ಎಲ್ಲರಿಗೂ ಹೊಟ್ಟೆ ಕೆಡುತ್ತದೆ.

ದೊಡ್ಡ ಸುದ್ದಿ. ಅಮೆರಿಕದವರ ಓದುಕೋಣೆಗೆ ಹೋದ ಒಬ್ಬರು ಅಲ್ಲಿನ ವಾರಪತ್ರಿಕೆಯಲ್ಲಿ ಓದಿ ಬಂದರು. ಅಲ್ಲಿ ಯಾರೋ ಹೈಡ್ರೋಜನ್ನಿನೊಳಗಿನ ಎಲೆಕ್ಟ್ರಾನನ್ನು ಬಹಳ ಸೂಕ್ಷ್ಮವಾಗಿ ಅಳೆದಿದ್ದಾರೆ. ಅದು ಇರಬೇಕಾದ ಮಟ್ಟದಿಂದ ಕೂದಲೆಳೆಯಷ್ಟು ಸರಿದಿದೆ. ಸರಿಸಿದ್ದು ಯಾರು? ಖಾಲಿ ಜಾಗದ ನಡುಕ. ಅಜ್ಜಿ, ನಿನ್ನ ಪೆಟ್ಟಿಗೆಯ ನಡುಕವೇ! ಈಗ ನಮ್ಮ ಪ್ರೊಫೆಸರರ ದಾರಿಯಲ್ಲಿ ಲೆಕ್ಕ ಮಾಡುತ್ತಿದ್ದೇವೆ. ಬರಿಯ ಚಾರ್ಜು ಎಷ್ಟು ಎಂದು ಕೇಳುವುದನ್ನೇ ಬಿಟ್ಟಿದ್ದೇವೆ. ಅಳತೆಗೆ ಸಿಕ್ಕ ಚಾರ್ಜನ್ನು ಒಪ್ಪಿಕೊಂಡು, ಒಂದು ಅನಂತದಿಂದ ಇನ್ನೊಂದು ಅನಂತ ಕಳೆಯುತ್ತೇವೆ. ಉಳಿದ ಚೂರು ಆ ಕೂದಲೆಳೆಗೆ ಸಮ ಬರಬೇಕು. ನನ್ನ ಪಾಲಿಗೆ ಬಂದ ಭಾಗ ಚಳಿಗಾಲದೊಳಗೆ ಮುಗಿಯುತ್ತದೆ.

ಅಣ್ಣ ಬಂದರೆ ಒಳಕೋಣೆ ಅವನಿಗೇ ಬಿಡು. ದಕ್ಷಿಣದಿಂದ ಬಂದವರನ್ನು ಇಲ್ಲಿ ನಿಲ್ದಾಣದಲ್ಲಿ ನೋಡುತ್ತೇನೆ, ಎಲುಬಿನ ಹಂದರ, ಯಾವ ಕಾಯಿಲೆ ಸೋಕಿದರೂ ತಡೆಯಲಾರರು. ಮನೆಯಲ್ಲಿ ಬೇರೆ ಯಾರನ್ನೂ ಮಲಗಿಸಬೇಡ. ನನ್ನನ್ನೂ.

ಸೇಗೊ


ಕಾಮಿದಾನಿ
೨೦ ಡಿಸೆಂಬರ್ ೧೯೪೭

ಸೇಗೊ,

ನಿನ್ನ ಹಿಂದಿನ ಮೂರು ಕಾಗದಗಳನ್ನು ಜಗಲಿಯ ಮೇಲೆ ಪಕ್ಕಪಕ್ಕ ಹರಡಿ ಕೂತೆ. ನನಗೆ ಅಕ್ಷರ ಅಷ್ಟಾಗಿ ಬಾರದು, ಹಾಳೆ ಬರುತ್ತದೆ. ಮೇ ತಿಂಗಳದ್ದು ಶಾಯಿ. ಅಕ್ಟೋಬರಿನದ್ದು ಪೆನ್ಸಿಲು. ಹೋದ ವಾರ ಬಂದ ನಾಲ್ಕು ಸಾಲೂ ಪೆನ್ಸಿಲು. ಹಾಳೆ ತಿರುಗಿಸಿ ಬೆರಳಾಡಿಸಿದೆ. ಅಕ್ಷರಗಳೆಲ್ಲ ಹಿಂದಕ್ಕೆ ಉಬ್ಬಿವೆ, ಎರಡು ಕಡೆ ಮೊನೆ ಚುಚ್ಚಿ ತೂತಾಗಿದೆ. ಮೇಜಿನ ಮೇಲಿಟ್ಟು ಬರೆದ ಹಾಳೆ ಹಾಗಾಗುವುದಿಲ್ಲ. ಕೆಳಗೆ ಮೆತ್ತಗಿನದು ಇದ್ದಿರಬೇಕು. ನೀನು ಹಾಸಿಗೆಯ ಮೇಲೆ ಮಲಗಿ ಬರೆಯುತ್ತಿದ್ದೀಯ. ಅಂಗಾತ ಮಲಗಿದವನ ಪೆನ್ನಿನಲ್ಲಿ ಶಾಯಿ ಇಳಿಯುವುದಿಲ್ಲ, ಅದಕ್ಕೇ ಪೆನ್ಸಿಲು.

ಹೊಟ್ಟೆನೋವಿಗೆ ಯಾರೂ ಎರಡು ತಿಂಗಳು ಮಲಗುವುದಿಲ್ಲ. ಕ್ರಿಯೋಸೋಟನ್ನು ಎದೆಯ ಕಾಯಿಲೆಗೂ ಕೊಡುತ್ತಾರೆ. ನಿನ್ನ ಅಪ್ಪನಿಗೆ ನಾನೇ ನುಂಗಿಸಿದ್ದೇನೆ. ಅಜ್ಜಿಗೆ ಸುಳ್ಳು ಹೇಳುವಾಗ ಬೇರೆ ಔಷಧ ಆರಿಸಿಕೊಳ್ಳಬೇಕಿತ್ತು ಪೆದ್ದ.

ಬೈಯುವ ಬಾಯಿ ನನಗೂ ಇಲ್ಲ. ನಾನು ನಿನಗಿಂತ ದೊಡ್ಡ ಸುಳ್ಳು ಹೇಳಿದ್ದೇನೆ. ಕೂತು ಓದು. ಮಲಗಿಯೇ ಓದು.

ಫೆಬ್ರವರಿಯಲ್ಲಿ ಪಟ್ಟಣದ ಕಚೇರಿಗೆ ಹೋಗಿದ್ದು ತಮೊತ್ಸುವನ್ನು ತರಲು. ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ ಕೊಟ್ಟರು. ಎತ್ತಿಕೊಂಡರೆ ಭಾರವೇ ಇಲ್ಲ. ನಡೆದರೆ ಒಳಗೆ ಏನೋ ಕಟಕಟ ಅಂತಿತ್ತು. ಗುಮಾಸ್ತನನ್ನು ಕೇಳಿದೆ, "ಇದರೊಳಗೆ ನನ್ನ ಹುಡುಗ ಎಷ್ಟಿದ್ದಾನೆ?" ಅವನು ತಲೆ ತಗ್ಗಿಸಿ, "ಅಮ್ಮಾ, ಮನೆಗೆ ಹೋಗಿ ತೆರೀಬೇಡಿ" ಅಂದ. ನಾನು ಮನೆಯವರೆಗೂ ಕಾಯಲಿಲ್ಲ, ಸೇತುವೆಯ ಹತ್ತಿರ ತೆರೆದೆ. ಅವನ ಹೆಸರು ಬರೆದ ಚೀಟಿ, ಒಂದು ಬೆಣಚುಕಲ್ಲು. ಅಷ್ಟೆ. ಸತ್ತದ್ದು ದಕ್ಷಿಣದ ಲುಝೋನ್ ಎಂಬ ಕಡೆ, ಅದಕ್ಕೂ ಎರಡು ವರ್ಷದ ಹಿಂದೆಯೇ. ಕಲ್ಲೂ ಅಲ್ಲಿಯದಲ್ಲ ಕಣೋ. ನಮ್ಮೂರ ಹೊಳೆಯ ಕಲ್ಲಿನ ಹಾಗೇ ಇದೆ.

ನಿನಗೆ ಬರೆಯಲಿಲ್ಲ. ಅಣ್ಣ ಬರುತ್ತಾನೆ ಎಂದಿದ್ದರೆ ಪೆನ್ಸಿಲ್ ಹಿಡಿಯಲು ನಾಚಿಕೆಯಿಲ್ಲ ಎಂದು ನೀನು ಬರೆದಿದ್ದೆ. ನೀನು ಪೆನ್ಸಿಲ್ ಬಿಟ್ಟರೆ ನನಗೆ ಉಳಿಯುವುದೇನು? ಮುಚ್ಚಳ ಬೆವರಿದೆ ಎಂದು ಮೊದಲು ಬರೆದದ್ದು ಸುಳ್ಳಲ್ಲ. ಪೆಟ್ಟಿಗೆ ತಂದ ಮರುದಿನವೂ ಕೈ ಅಭ್ಯಾಸಕ್ಕೆ ತಟ್ಟೆ ಇಟ್ಟಿತು. ಎತ್ತಿ ನೋಡಿದರೆ ಎಂದಿನ ಹಾಗೆ ಹನಿ. ಆಗ ತಿಳಿಯಿತು, ಬಿಸಿ ಅನ್ನದ ಮುಚ್ಚಳ ಯಾರಿಗಾದರೂ ಬೆವರುತ್ತದೆ. ಎರಡು ವರ್ಷ ಸತ್ತವನಿಗೆ ಬೆವರಿತ್ತು, ನಾನು ಕುಣಿದಿದ್ದೆ. ಆಮೇಲಿಂದ ಅನ್ನ ಪೂರ್ತಿ ಆರಿದ ಮೇಲೆಯೇ ಮುಚ್ಚುತ್ತಿದ್ದೇನೆ. ಆರಿದ ಅನ್ನಕ್ಕೆ ಹನಿ ಇಲ್ಲ. ಅದೊಂದೇ ನಿಜ. ನಿನಗೆ ಮಾತ್ರ ಬೆವರಿದೆ ಎಂದೇ ಬರೆದೆ.

ಒಳಕೋಣೆ ಖಾಲಿ ಇದೆ ಸೇಗೊ. ಯಾವ ಅಣ್ಣನೂ ಬರುವುದಿಲ್ಲ. ನಿನ್ನ ಕೆಮ್ಮು ಸೋಕಲು ಇಲ್ಲಿರುವುದು ಅರವತ್ತೊಂಬತ್ತು ವರ್ಷದ ಚರ್ಮದ ಚೀಲ ಒಂದೇ. ಬಂದು ಬಿಡು. ನಿನ್ನಿಷ್ಟ ಬಂದಷ್ಟು ಕೆಮ್ಮು.

ಅಜ್ಜಿ


ತೋಕ್ಯೋ ಹೊರವಲಯ, ಆಸ್ಪತ್ರೆ
೧೧ ಜನವರಿ ೧೯೪೮

ಅಜ್ಜಿ,

ನಿನ್ನ ಕಾಗದ ಹೊಸವರ್ಷದ ಐದನೇ ದಿನ ಬಂತು. ಅಣ್ಣನ ಸುದ್ದಿ ಓದಿ ಮುಖಕ್ಕೆ ಹೊದಿಕೆ ಎಳೆದುಕೊಂಡೆ. ನರ್ಸು ಜ್ವರ ಎಂದುಕೊಂಡಳು.

ಕೆಮ್ಮು ಶುರುವಾದದ್ದು ಹೋದ ಏಪ್ರಿಲ್‌ನಲ್ಲಿ. ರಕ್ತ ಬಿದ್ದದ್ದು ಆಗಸ್ಟ್‌ನಲ್ಲಿ, ಬೊನ್ ಹಬ್ಬದ ಹಿಂದಿನ ವಾರ. ಊರಿಗೆ ರೈಲಿನ ಚೀಟಿ ಕೊಂಡಿದ್ದೆ ಅಜ್ಜಿ. ಊಯೆನೋ ನಿಲ್ದಾಣದವರೆಗೂ ಹೋಗಿದ್ದೆ. ಅಲ್ಲಿ ದಕ್ಷಿಣದಿಂದ ಬಂದ ಒಬ್ಬನನ್ನು ಇಬ್ಬರು ಎತ್ತಿಕೊಂಡು ಹೋಗುತ್ತಿದ್ದರು. ಅಣ್ಣ ಹೀಗೆ ಮನೆಗೆ ಬಂದಾಗ ನನ್ನ ರೋಗ ಒಳಕೋಣೆಯಲ್ಲಿ ಕಾಯುತ್ತಿದ್ದರೆ ಎಂದು ಹೆದರಿಕೆಯಾಯಿತು. ಮುಚ್ಚಳ ಬೆವರುತ್ತಿದೆ ಎಂದು ನೀನು ಬರೆದಿದ್ದೆ. ಇವತ್ತೋ ನಾಳೆಯೋ ಬಂದೇಬಿಡುತ್ತಾನೆ ಎಂದು ತಿರುಗಿ ಬಂದೆ.

ನಿನ್ನ ಮೇಲೆ ಸಿಟ್ಟಿಲ್ಲ. ಇಲ್ಲದ ಅಣ್ಣನನ್ನು ನಾನು ಕಾಪಾಡಿದೆ, ಇದ್ದ ನನ್ನನ್ನು ನೀನು ಕಾಪಾಡಲು ಹೋದೆ.

ಹಿಮ ಕರಗುವವರೆಗೆ ಪ್ರಯಾಣ ಬೇಡ ಎಂದಿದ್ದಾರೆ ಡಾಕ್ಟರು. ಏಪ್ರಿಲ್‌ನಲ್ಲಿ ಬರುತ್ತೇನೆ. ನನ್ನ ಲೆಕ್ಕದಲ್ಲಿ ಇನ್ನು ಎರಡೇ ಪುಟ ಉಳಿದಿದೆ. ಅಲ್ಲಿಯವರೆಗೆ ನನಗೂ ಒಂದು ತಟ್ಟೆ ಇಡು. ಅನ್ನ ಆರಲು ಬಿಡಬೇಡ. ಬಿಸಿ ಇರುವಾಗಲೇ ಮುಚ್ಚು. ಸುಳ್ಳಾದರೂ ಸರಿ.

ಸೇಗೊ


ಕಾಮಿದಾನಿ
೧೫ ಏಪ್ರಿಲ್ ೧೯೪೮

ಸೇಗೊ,

ಇವತ್ತಿಗೆ ನಲವತ್ತೊಂಬತ್ತು ದಿನ. ಸತ್ತವನು ಇವತ್ತಿನವರೆಗೆ ಮನೆಯ ಸೂರಿನಡಿಯೇ ಇರುತ್ತಾನಂತೆ, ನಾಳೆಯಿಂದ ದೂರ. ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ಅಂಚೆಗೆ ಹಾಕುವ ಕೆಲಸವಿಲ್ಲ.

ಬರಲಿಲ್ಲ ಎಂದುಕೊಳ್ಳಬೇಡ. ಆಸ್ಪತ್ರೆಯಿಂದ ತಂತಿ ಬಂದ ದಿನವೇ ಹೊರಟೆ. ಗುಡ್ಡದ ಸುರಂಗದ ಈಚೆ ಹಿಮ ಕುಸಿದು ರೈಲು ಎರಡು ದಿನ ನಿಂತಿತು. ಇಳಿದು ನಡೆಯುತ್ತೇನೆ ಎಂದರೆ ಎದುರಿಗಿದ್ದ ಹೆಂಗಸು ನನ್ನ ತೋಳು ಹಿಡಿದು, "ಅಜ್ಜಿ, ನೀವು ಹಿಮದಾಗೆ ಬಿದ್ರೆ ಆ ಹುಡುಗನ್ನ ನೋಡೋರ್ಯಾರು?" ಅಂದಳು. ಕೂತೆ. ಕೂರಬಾರದಿತ್ತು. ನಾನು ತಲುಪುವಾಗ ನಿನ್ನ ಹಾಸಿಗೆಯ ಮೇಲೆ ಬೇರೆ ಹುಡುಗ ಮಲಗಿದ್ದ.

ಓಕಾಬೆ ಬಾಗಿಲಲ್ಲಿ ಕಾದಿದ್ದ. ಅವನ ಕಾಲಲ್ಲಿ ತಮೊತ್ಸುವಿನ ಬೂಟು. ನೀನೇ ಕೊಟ್ಟೆಯಂತೆ. ಒಳ್ಳೆಯದು ಮಾಡಿದೆ. ನಿನ್ನ ಲೆಕ್ಕದ ಹಾಳೆಗಳ ಕಟ್ಟು ಕೊಟ್ಟ. ಎಲ್ಲ ನನ್ನ ತೊಟ್ಟಿಯ ಹಾಳೆಗಳೇ. ಒಂದೊಂದನ್ನೂ ತಿರುಗಿಸಿ ಬೆರಳಾಡಿಸಿದೆ. ಕೊನೆಯ ಎರಡು ಪುಟದಲ್ಲಿ ಅಕ್ಷರ ಹಿಂದಕ್ಕೆ ಉಬ್ಬಿಲ್ಲ. ಒತ್ತಲು ನಿನಗೆ ಬಲ ಇರಲಿಲ್ಲ.

"ಮುಗಿಸಿದನೇನಪ್ಪಾ?" ಅಂತ ಕೇಳಿದೆ.

"ಮುಗಿಸಿದ ಅಜ್ಜಿ. ತಾಳೆ ಬಂತು."

"ಅನಂತದಿಂದ ಅನಂತ ಕಳೀತೀವಿ ಅಂತಿದ್ದ. ಕಳೆದ ಮೇಲೆ ಎಷ್ಟು ಉಳೀತು?"

ಆ ಹುಡುಗ ಬಹಳ ಹೊತ್ತು ಅತ್ತ. ಆಮೇಲೆ, "ತುಂಬಾ ಸಣ್ಣದು ಅಜ್ಜಿ. ಆದ್ರೆ ಅಳತೆಗೆ ಸಿಗುತ್ತೆ" ಅಂದ.

ವಾಪಸು ಬರುವಾಗ ನಿನ್ನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಅದೇ ಥರದ ಬಿಳಿ ಬಟ್ಟೆ, ಅದೇ ಅಳತೆಯ ಪೆಟ್ಟಿಗೆ. ಈ ಸಲ ಕಟಕಟ ಅನ್ನಲಿಲ್ಲ. ಭಾರ ಇತ್ತು. ಮೊಣಕಾಲು ಮರಗಟ್ಟುವಷ್ಟು. ನಿನ್ನಣ್ಣನ ಪಕ್ಕದಲ್ಲೇ ಇಟ್ಟಿದ್ದೇನೆ.

ಡಿಸೆಂಬರಿನಲ್ಲಿ ನಿನಗೆಂದು ಎತ್ತಿದ ಹಾಳೆಗಳ ಒದ್ದೆ ದಿಂಡನ್ನು ಹಿಮದಲ್ಲಿ ಹೂತಿದ್ದೆ. ಮೊನ್ನೆ ಅಗೆದು ತೆಗೆದೆ. ಚಳಿಗಾಲವೆಲ್ಲ ಒದ್ದೆಯಾಗಿಯೇ ಕಾದಿದ್ದವು, ಒಂದೂ ಕೊಳೆತಿಲ್ಲ. ಹಲಗೆಗೆ ಹಚ್ಚಿ ಬಿಸಿಲಿಗೆ ನಿಲ್ಲಿಸಿದೆ. ಇದು ಅದರಲ್ಲಿ ಮೊದಲು ಒಣಗಿದ ಹಾಳೆ.

ನಿನ್ನ ಮಾತಿನಂತೆ ಜನವರಿಯಿಂದ ನಿನ್ನ ತಟ್ಟೆ ಇಟ್ಟೆ, ಬಿಸಿ ಇರುವಾಗಲೇ ಮುಚ್ಚಿದೆ. ಬೆವರಿತು. ನಾನು ರೈಲಿನಲ್ಲಿ ಸಿಕ್ಕಿಬಿದ್ದಾಗ ಓಶಿಗೆ ಇಟ್ಟಳು. ನೀನು ಹೋದ ಬೆಳಿಗ್ಗೆಯೂ ಬೆವರಿತ್ತಂತೆ. ಅವಳು ಹೇಳಲೋ ಬೇಡವೋ ಎಂದು ವಾರ ಒದ್ದಾಡಿ ಹೇಳಿದಳು. ಆ ಬಾಯಿಯೂ ಒದ್ದಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಇವತ್ತು ಎರಡು ತಟ್ಟೆ ಇಟ್ಟೆ. ಎರಡರಲ್ಲೂ ಅನ್ನ ಹೊಗೆಯಾಡುತ್ತಿರುವಾಗಲೇ ಮುಚ್ಚಿದೆ. ಊಟ ಮಾಡಿ ಬಂದು ಎತ್ತಿ ನೋಡಿದೆ. ಎರಡಕ್ಕೂ ಹನಿ ಕಟ್ಟಿದೆ.

ಗೊತ್ತು ಕಣೋ. ಬಿಸಿ ಅನ್ನದ ಮುಚ್ಚಳ, ಬೆವರದೆ ಇನ್ನೇನು ಮಾಡೀತು.

ಒರೆಸಲಿಲ್ಲ. ಹಾಗೇ ಮತ್ತೆ ಮುಚ್ಚಿಟ್ಟಿದ್ದೇನೆ.

ಅಜ್ಜಿ